ಟೊಸ್ಕನೀನಿ: ನುಡಿಸಲಾರೆ ಎಂದ ಸಂಗೀತಗಾರ

ಕಂಡಕ್ಟರ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವವನು ಹೆಗಲಿಗೆ ಚೀಲ ಹಾಕಿಕೊಂಡು ಟಿಕೆಟ್ ಕೊಡುವ ಬಸ್ಸಿನ ಕಂಡಕ್ಟರು. ಪಾಶ್ಚಾತ್ಯ ಸಂಗೀತದಲ್ಲೂ ಒಬ್ಬ ಕಂಡಕ್ಟರ್ ಇರುತ್ತಾನೆ. ಎಂಬತ್ತು ನೂರು ಮಂದಿ ವಾದ್ಯಗಾರರ ಎದುರಿಗೆ ಪುಟ್ಟ ಪೀಠದ ಮೇಲೆ ನಿಂತು, ತೆಳ್ಳನೆಯ ಒಂದು ಕೋಲನ್ನು ಗಾಳಿಯಲ್ಲಿ ಆಡಿಸುತ್ತಾನೆ. ಇಡೀ ವೇದಿಕೆಯಲ್ಲಿ ಯಾವ ನಾದವನ್ನೂ ಹೊರಡಿಸದವನು ಅವನೊಬ್ಬನೇ. ಆದರೂ ಭಿತ್ತಿಪತ್ರದಲ್ಲಿ ಅವನ ಹೆಸರೇ ದಪ್ಪ ಅಕ್ಷರದಲ್ಲಿರುತ್ತದೆ. ಇವನಿಲ್ಲದಿದ್ದರೆ ಏನಾಗುತ್ತದೆ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಅದಕ್ಕೆ ಭೌತಶಾಸ್ತ್ರ ಕೊಡುವ ಉತ್ತರವೊಂದಿದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ದೊಡ್ಡ ವಾದ್ಯವೃಂದದಲ್ಲಿ ಒಂದು ತುದಿಯ ಪಿಟೀಲುಗಾರನಿಗೂ ಇನ್ನೊಂದು ತುದಿಯ ನಗಾರಿಯವನಿಗೂ ಇಪ್ಪತ್ತು ಮೀಟರ್ ಅಂತರವಿದ್ದರೆ, ಒಬ್ಬನ ಪೆಟ್ಟು ಇನ್ನೊಬ್ಬನ ಕಿವಿ ಮುಟ್ಟುವಷ್ಟರಲ್ಲಿ ಸೆಕೆಂಡಿನ ಹದಿನೇಳನೆಯ ಒಂದು ಭಾಗ ಕಳೆದಿರುತ್ತದೆ. ಕಿವಿಯನ್ನೇ ನಂಬಿ ನುಡಿಸಿದರೆ ಹಿಂದಿನವರು ಹಿಂದೆಯೇ ಉಳಿಯುತ್ತಾರೆ. ಬೆಳಕಿಗೆ ಈ ತೊಂದರೆಯಿಲ್ಲ. ಕೋಲು ಕೆಳಗಿಳಿದದ್ದು ಎಲ್ಲರಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ. ಆದ್ದರಿಂದ ತಾಳ ಕಾಯುವುದು ಕಂಡಕ್ಟರನ ಮೊದಲ ಕೆಲಸ.

ಅದಕ್ಕಿಂತ ಕಠಿಣವಾದ ಕೆಲಸ ಇನ್ನೊಂದಿದೆ. ನಮ್ಮ ಕಚೇರಿಯಲ್ಲಿ ಗಾಯಕನಿಗೆ ಮನೋಧರ್ಮದ ಸ್ವಾತಂತ್ರ್ಯವುಂಟು. ಆಲಾಪನೆ, ನೆರವಲ್, ಸ್ವರಪ್ರಸ್ತಾರ ಎಲ್ಲವೂ ಆ ಹೊತ್ತಿನ ಸೃಷ್ಟಿ. ಅಲ್ಲಿ ಹಾಗಲ್ಲ. ರಚನೆಕಾರ ಪ್ರತಿಯೊಂದು ವಾದ್ಯಕ್ಕೂ ಪ್ರತಿಯೊಂದು ಸ್ವರವನ್ನು ಬರೆದಿಟ್ಟು ಹೋಗಿರುತ್ತಾನೆ. ಅವನು ತೀರಿಕೊಂಡು ನೂರು ವರ್ಷವಾಗಿದ್ದರೂ ಆ ಸ್ವರಲಿಪಿಯ ಪುಸ್ತಕ ಮೇಜಿನ ಮೇಲಿರುತ್ತದೆ. ಅದನ್ನು ನಾದವಾಗಿ ಮಾಡುವಾಗ ಕಂಡಕ್ಟರ್ ತನ್ನದನ್ನು ಎಷ್ಟು ಸೇರಿಸಬಹುದು? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ವಾಡಿಕೆ ಬಹಳ ಸಡಿಲವಾಗಿತ್ತು. ಗಾಯಕರು ಬೇಕಾದಲ್ಲಿ ಸ್ವರವನ್ನು ಎಳೆಯುತ್ತಿದ್ದರು, ಕಂಡಕ್ಟರುಗಳು ಬೇಕಾದಲ್ಲಿ ಕತ್ತರಿಸುತ್ತಿದ್ದರು. ಬರೆದದ್ದನ್ನು ಬರೆದಂತೆಯೇ ನುಡಿಸಬೇಕು, ಅದಕ್ಕೆ ಅಡ್ಡ ಬರುವವರು ಯಾರಾದರೂ ಸರಿ ಅವರಿಗೆ ಇಲ್ಲ ಎನ್ನಬೇಕು ಎಂದು ಹಟ ಹಿಡಿದವರಲ್ಲಿ ಮುಖ್ಯರಾದವರು ಆರ್ತುರೊ ಟೊಸ್ಕನೀನಿ. ಈ 'ಇಲ್ಲ' ಎಂಬ ಮಾತು ಅವರನ್ನು ಎಲ್ಲೆಲ್ಲಿಗೆ ಒಯ್ದಿತೆಂಬುದೇ ಇಲ್ಲಿ ಹೇಳಹೊರಟಿರುವ ಕಥೆ.

ಇಟಲಿಯ ಪಾರ್ಮಾ ನಗರದಲ್ಲಿ 1867ರ ಮಾರ್ಚ್ 25ರಂದು ಒಬ್ಬ ದರ್ಜಿಯ ಮಗನಾಗಿ ಟೊಸ್ಕನೀನಿ ಹುಟ್ಟಿದರು. ತಂದೆ ಕ್ಲಾಡಿಯೊ ಇಟಲಿಯ ಏಕೀಕರಣಕ್ಕಾಗಿ ಗ್ಯಾರಿಬಾಲ್ಡಿಯ ಜೊತೆ ಹೋರಾಡಿದ್ದವನು. ಹೊಲಿಗೆಗಿಂತ ಆ ಹಳೆಯ ದಿನಗಳ ಮಾತಿನಲ್ಲೇ ಹೆಚ್ಚು ಆಸಕ್ತಿ. ಮನೆಯಲ್ಲಿ ಬಡತನ. ಹುಡುಗ ಒಂಬತ್ತನೆಯ ವಯಸ್ಸಿಗೆ ಊರಿನ ಸಂಗೀತಶಾಲೆಗೆ ಸೇರಿ, ಅಲ್ಲಿಯೇ ವಾಸವಿದ್ದು ಕಲಿತು, 1885ರಲ್ಲಿ ಚೆಲ್ಲೊ ವಾದಕನಾಗಿ ಹೊರಬಂದ. ಚೆಲ್ಲೊ ಎಂದರೆ ಪಿಟೀಲಿನ ದೊಡ್ಡಣ್ಣ, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ವಾದ್ಯ.

ಮರುವರ್ಷ ದಕ್ಷಿಣ ಅಮೆರಿಕಕ್ಕೆ ಹೊರಟ ಒಂದು ಆಪೆರಾ ತಂಡದಲ್ಲಿ ಅವನಿಗೆ ಕೆಲಸ ಸಿಕ್ಕಿತು. ತಂಡ ಬ್ರೆಜಿಲ್‌ನ ರಿಯೊ ಡಿ ಜನೈರೊ ತಲುಪುವ ಹೊತ್ತಿಗೆ ಕಂಡಕ್ಟರನಿಗೂ ಉಳಿದವರಿಗೂ ಜಗಳ ಹತ್ತಿತ್ತು. ಬ್ರೆಜಿಲಿನವನೇ ಆದ ಆ ಕಂಡಕ್ಟರ್ ಕೆಲಸ ಬಿಟ್ಟ. ಊರಿನ ಜನ ತಮ್ಮವನಿಗೆ ಅನ್ಯಾಯವಾಯಿತೆಂದು ಸಿಟ್ಟಾದರು. 1886ರ ಜೂನ್ 30ರ ರಾತ್ರಿ ವೆರ್ಡಿಯ 'ಐಡಾ' ಆಪೆರಾ ಇತ್ತು. ಬದಲಿಯಾಗಿ ಬಂದವನನ್ನು ಸಭಿಕರು ಸಿಳ್ಳೆ ಹಾಕಿ ಓಡಿಸಿದರು. ಅವನ ನಂತರ ಬಂದವನಿಗೂ ಅದೇ ಗತಿ. ಆಗ ಯಾರೋ ಚೆಲ್ಲೊ ನುಡಿಸುವ ಹುಡುಗನ ಹೆಸರು ಹೇಳಿದರು. ಅವನಿಗೆ ಇಡೀ ಆಪೆರಾ ಬಾಯಿಪಾಠವೆಂಬುದು ತಂಡದವರಿಗೆ ಗೊತ್ತಿತ್ತು. ಹತ್ತೊಂಬತ್ತರ ಹುಡುಗ ಪೀಠ ಹತ್ತಿದ, ಎದುರಿಗಿದ್ದ ಪುಸ್ತಕ ಮುಚ್ಚಿದ, ಕೋಲು ಎತ್ತಿದ. ಗಲಾಟೆ ಮಾಡಲೆಂದೇ ಬಂದಿದ್ದ ಸಭೆ ಕೊನೆಯಲ್ಲಿ ಎದ್ದು ಚಪ್ಪಾಳೆ ತಟ್ಟಿತು. ಆ ಪ್ರವಾಸದ ಉಳಿದ ಪ್ರದರ್ಶನಗಳನ್ನೂ ಅವನೇ ನಡೆಸಿದ.

ಈ ಕಥೆಯನ್ನು ಎಲ್ಲರೂ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನನಗೆ ಹಿಡಿಸುವುದು ಇದರ ಮುಂದಿನ ಪುಟ. ಊರಿಗೆ ಮರಳಿದ ಮೇಲೆ, 1887ರ ಫೆಬ್ರುವರಿಯಲ್ಲಿ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ವೆರ್ಡಿಯ 'ಒಥೆಲೊ' ಮೊದಲ ಪ್ರದರ್ಶನವಾಗುವಾಗ ಟೊಸ್ಕನೀನಿ ಮತ್ತೆ ಚೆಲ್ಲೊ ಹಿಡಿದು ವಾದ್ಯಗಾರರ ಸಾಲಿನಲ್ಲಿ ಕುಳಿತಿದ್ದರು. ವೆರ್ಡಿ ತನ್ನ ಕೃತಿಯನ್ನು ಹೇಗೆ ತಿದ್ದಿಸುತ್ತಾರೆಂದು ಹತ್ತಿರದಿಂದ ನೋಡಬೇಕೆಂಬ ಆಸೆ.

ನೆನಪಿನ ಶಕ್ತಿಯ ಬಗ್ಗೆ ಒಂದು ಮಾತು. ಅವರ ಕಣ್ಣು ತೀರ ಮಂದ. ದೂರದ ಮೇಜಿನ ಮೇಲಿಟ್ಟ ಸ್ವರಲಿಪಿ ಕಾಣಿಸುತ್ತಿರಲಿಲ್ಲ. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿ, ಪೂರ್ತಿ ಕಂಠಸ್ಥ ಮಾಡಿಕೊಂಡೇ ವೇದಿಕೆಗೆ ಬರುತ್ತಿದ್ದರು. ಲೋಕ ಅದ್ಭುತವೆಂದು ಕೊಂಡಾಡಿದ್ದು ಅವರ ಪಾಲಿಗೆ ಅನಿವಾರ್ಯವಾಗಿತ್ತು.

1898ರಲ್ಲಿ ಲಾ ಸ್ಕಾಲಾದ ಮುಖ್ಯ ಕಂಡಕ್ಟರ್ ಸ್ಥಾನ ಬಂದಾಗ ಟೊಸ್ಕನೀನಿಗೆ ಮೂವತ್ತೊಂದು ವರ್ಷ. ಅಷ್ಟರಲ್ಲಿ ಅವರು ಟ್ಯೂರಿನ್‌ನಲ್ಲಿ ಪುಚೀನಿಯ 'ಲಾ ಬೊಹೆಮ್' ಆಪೆರಾದ ಮೊದಲ ಪ್ರದರ್ಶನ ನಡೆಸಿ (1896) ಹೆಸರು ಗಳಿಸಿದ್ದರು. ಆ ಕಾಲದ ಆಪೆರಾ ಮಂದಿರವೆಂದರೆ ಶ್ರೀಮಂತರು ಹರಟಲು ಸೇರುವ ಜಾಗ. ಪ್ರದರ್ಶನದ ವೇಳೆ ಸಭಾಂಗಣದ ದೀಪ ಆರಬೇಕು, ಹೆಂಗಸರು ತಮ್ಮ ದೊಡ್ಡ ಟೋಪಿಗಳನ್ನು ತೆಗೆಯಬೇಕು, ಮೆಚ್ಚಿದ ಹಾಡನ್ನು 'ಇನ್ನೊಮ್ಮೆ' ಎಂದು ಕೂಗಿ ಹಾಡಿಸುವ ಪದ್ಧತಿ ನಿಲ್ಲಬೇಕು ಎಂದು ಅವರು ಪಟ್ಟು ಹಿಡಿದರು. ನಾಟಕದ ಮಧ್ಯೆ ಸತ್ತ ಪಾತ್ರ ಎದ್ದು ನಿಂತು ಹಾಡಿದ್ದನ್ನೇ ಹಾಡಿದರೆ ನಾಟಕ ಉಳಿಯುತ್ತದೆಯೆ? 'ಒನ್ಸ್ ಮೋರ್' ಕೂಗಿಗೆ ಹೆಸರಾಗಿದ್ದ ನಮ್ಮ ವೃತ್ತಿ ರಂಗಭೂಮಿಯನ್ನು ಬಲ್ಲ ಹಿರಿಯರಿಗೆ ಈ ಜಗಳ ಚೆನ್ನಾಗಿ ಅರ್ಥವಾದೀತು. 1903ರಲ್ಲಿ ಒಂದು ರಾತ್ರಿ ಸಭಿಕರು 'ಇನ್ನೊಮ್ಮೆ' ಎಂದು ಬಿಡದೆ ಕೂಗಿದಾಗ ಟೊಸ್ಕನೀನಿ ಎದ್ದು ಮನೆಗೆ ಹೊರಟುಹೋದರು. ಮೂರು ವರ್ಷ ಲಾ ಸ್ಕಾಲಾಕ್ಕೆ ಮರಳಲಿಲ್ಲ.

ಮುಂದೆ 1908ರಿಂದ 1915ರವರೆಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ, ಆಮೇಲೆ ಮತ್ತೆ ಇಟಲಿ. ಮೊದಲನೆಯ ಮಹಾಯುದ್ಧದಲ್ಲಿ ಅವರು ಸೈನಿಕರ ವಾದ್ಯತಂಡ ಕಟ್ಟಿಕೊಂಡು ರಣರಂಗದ ಹತ್ತಿರವೇ ನುಡಿಸಿದರು. ದೇಶಾಭಿಮಾನದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಮುಚ್ಚಿಡಬಾರದ ಇನ್ನೊಂದು ಸಂಗತಿಯೂ ಇದೆ. 1919ರ ಚುನಾವಣೆಯಲ್ಲಿ ಮಿಲಾನಿನಿಂದ ಮುಸೋಲಿನಿ ನಿಲ್ಲಿಸಿದ ಅಭ್ಯರ್ಥಿಗಳ ಪಟ್ಟಿಯಲ್ಲಿ ಟೊಸ್ಕನೀನಿಯ ಹೆಸರೂ ಇತ್ತು. ಆಗ ಆ ಪಕ್ಷ ರಾಜಪ್ರಭುತ್ವ ಬೇಡ, ಗಣರಾಜ್ಯ ಬೇಕು ಎನ್ನುತ್ತಿತ್ತು. ಗ್ಯಾರಿಬಾಲ್ಡಿ ಭಕ್ತನ ಮಗನಿಗೆ ಅದು ರುಚಿಸಿತ್ತು. ಆ ಪಟ್ಟಿ ಸಂಪೂರ್ಣವಾಗಿ ಸೋತಿತು. ಪಕ್ಷದ ಬಣ್ಣ ಬದಲಾದಂತೆ ಟೊಸ್ಕನೀನಿಯೂ ದೂರ ಸರಿದರು. 1922ರಲ್ಲಿ ಮುಸೋಲಿನಿ ಅಧಿಕಾರಕ್ಕೆ ಬರುವ ಹೊತ್ತಿಗೆ ಆ ದೂರ ವಿರೋಧವಾಗಿತ್ತು.

ಫ್ಯಾಸಿಸ್ಟ್ ಪಕ್ಷಕ್ಕೆ 'ಜೊವಿನೆತ್ಸಾ' ಎಂಬ ಒಂದು ಹಾಡಿತ್ತು. ಯೌವನ ಎಂದು ಅದರ ಅರ್ಥ. ಸಾರ್ವಜನಿಕ ಸಮಾರಂಭಗಳಲ್ಲಿ ಅದನ್ನು ನುಡಿಸಬೇಕೆಂಬುದು ಕ್ರಮೇಣ ಕಡ್ಡಾಯದಂತಾಯಿತು. ಲಾ ಸ್ಕಾಲಾದಲ್ಲಿ ತಾನಿರುವವರೆಗೆ ಅದು ಆಗದು ಎಂದರು ಟೊಸ್ಕನೀನಿ. 1926ರ ಏಪ್ರಿಲ್ 25ರಂದು ಪುಚೀನಿಯ ಕೊನೆಯ ಆಪೆರಾ 'ತುರಾಂದೊತ್' ಅಲ್ಲಿ ಮೊದಲ ಬಾರಿಗೆ ಪ್ರದರ್ಶನವಾಯಿತು. ಮುಸೋಲಿನಿ ಬಂದರೆ ಹಾಡು ನುಡಿಸಲೇಬೇಕಾಗುತ್ತಿತ್ತು; ಟೊಸ್ಕನೀನಿ ಒಪ್ಪಲಿಲ್ಲ; ಮುಸೋಲಿನಿ ಬರಲಿಲ್ಲ. ಪುಚೀನಿ ಆ ಕೃತಿಯನ್ನು ಮುಗಿಸದೆಯೇ 1924ರಲ್ಲಿ ತೀರಿಕೊಂಡಿದ್ದರು. ಕೊನೆಯ ಭಾಗವನ್ನು ಬೇರೊಬ್ಬರು ಬರೆದಿದ್ದರು. ಆ ರಾತ್ರಿ ಗೆಳೆಯನ ಕೈಬರಹ ಮುಗಿಯುವಲ್ಲಿಗೆ ಬಂದಾಗ ಟೊಸ್ಕನೀನಿ ಕೋಲು ಕೆಳಗಿಟ್ಟು, ಸಭೆಯತ್ತ ತಿರುಗಿ, ರಚನೆಕಾರ ತೀರಿಹೋದದ್ದು ಇಲ್ಲಿಯೇ ಎಂಬರ್ಥದ ಮಾತು ಹೇಳಿ ಪ್ರದರ್ಶನ ನಿಲ್ಲಿಸಿದರು. ಇತರರು ಬರೆದ ಅಂತ್ಯವನ್ನು ಜನ ಕೇಳಿದ್ದು ಮುಂದಿನ ಪ್ರದರ್ಶನಗಳಲ್ಲಿ.

ಪ್ರಭುತ್ವ ಇದನ್ನೆಲ್ಲ ಐದು ವರ್ಷ ನುಂಗಿಕೊಂಡಿತು. ಟೊಸ್ಕನೀನಿ ಲೋಕಪ್ರಸಿದ್ಧರಾಗಿದ್ದದ್ದೇ ಅದಕ್ಕೆ ಕಾರಣ. 1931ರ ಮೇ 14ರಂದು ಬೊಲೋನ್ಯಾ ನಗರದಲ್ಲಿ ಆ ತಾಳ್ಮೆ ಮುಗಿಯಿತು. ಮಾರ್ತೂಚಿ ಎಂಬ ದಿವಂಗತ ರಚನೆಕಾರರ ಸ್ಮರಣೆಗಾಗಿ ಅಲ್ಲಿ ಟೊಸ್ಕನೀನಿಯ ಕಚೇರಿ ಏರ್ಪಾಡಾಗಿತ್ತು. ಇಬ್ಬರು ಹಿರಿಯ ಫ್ಯಾಸಿಸ್ಟ್ ಮುಖಂಡರು ಬರುತ್ತಾರೆ, ಆದ್ದರಿಂದ ಮೊದಲು ರಾಜಗೀತೆ ಮತ್ತು ಜೊವಿನೆತ್ಸಾ ನುಡಿಸಬೇಕು ಎಂದು ಸೂಚನೆ ಬಂತು. ಗತಿಸಿದವರೊಬ್ಬರ ಸ್ಮರಣೆಯ ಸಭೆ ಇದು, ಪಕ್ಷದ ಸಭೆಯಲ್ಲ ಎಂದರು ಟೊಸ್ಕನೀನಿ. ಸಂಧಾನದ ಪ್ರಯತ್ನ ನಡೆದು ಮುರಿದುಬಿತ್ತು. ಸಂಜೆ ಹೆಂಡತಿ ಮಗಳ ಜೊತೆ ಕಾರಿನಲ್ಲಿ ಬಂದು ಇಳಿದಾಗ ಬಾಗಿಲಲ್ಲೇ ಕರಿಯಂಗಿಯವರ ಗುಂಪು ಸುತ್ತುವರಿಯಿತು. ನುಡಿಸುತ್ತೀಯಾ ಇಲ್ಲವಾ ಎಂಬ ಪ್ರಶ್ನೆ. ಇಲ್ಲ ಎಂಬ ಉತ್ತರ. ಮುಖಕ್ಕೆ ಹೊಡೆತಗಳು ಬಿದ್ದವು. ಅರವತ್ತನಾಲ್ಕು ವರ್ಷದ ಸಂಗೀತಗಾರನನ್ನು ಕಾರಿಗೆ ತಳ್ಳಿ ಹೋಟೆಲಿಗೆ ಕರೆದೊಯ್ದರು. ಕಚೇರಿ ರದ್ದಾಯಿತು. ಗುಂಪು ಹೋಟೆಲಿನ ಕಿಟಕಿಗಳ ಕೆಳಗೂ ಬಂದು ಕೂಗಾಡಿತು. ಅದೇ ರಾತ್ರಿ ಊರು ಬಿಡಬೇಕಾಯಿತು. ಪಾಸ್‌ಪೋರ್ಟು ಕಿತ್ತುಕೊಂಡರು, ಮಿಲಾನಿನ ಮನೆಗೆ ಪೊಲೀಸ್ ಕಾವಲು ಹಾಕಿದರು. ಸುದ್ದಿ ಹೊರದೇಶಗಳಿಗೆ ಹೋಗಿ ಪ್ರತಿಭಟನೆಗಳಾದವು. ರಷ್ಯದಲ್ಲಿ ಹುಟ್ಟಿದ ಪ್ರಸಿದ್ಧ ಕಂಡಕ್ಟರ್ ಕುಸೆವಿಟ್ಸ್ಕಿ ಲಾ ಸ್ಕಾಲಾದ ತಮ್ಮ ಕಚೇರಿಗಳನ್ನು ರದ್ದು ಮಾಡಿದರು. ಕೆಲವು ವಾರಗಳ ನಂತರ ಪಾಸ್‌ಪೋರ್ಟು ಹಿಂದಕ್ಕೆ ಬಂತು. ಫ್ಯಾಸಿಸಂ ಅಳಿಯುವ ತನಕ ಟೊಸ್ಕನೀನಿ ಇಟಲಿಯಲ್ಲಿ ಮತ್ತೆ ಕಚೇರಿ ನಡೆಸಲಿಲ್ಲ.

ಜರ್ಮನಿಯ ಕಥೆಯೂ ಇದಕ್ಕೆ ಸೇರಿದ್ದೇ. ವಾಗ್ನರ್ ಕಟ್ಟಿಸಿದ ಬೈರಾಯಿಟ್ ರಂಗಮಂದಿರ ಅವರಿಗೆ ಪುಣ್ಯಕ್ಷೇತ್ರದಂತೆ. 1930ರಲ್ಲಿ, 1931ರಲ್ಲಿ ಅಲ್ಲಿ ನಡೆಸಿಕೊಟ್ಟಿದ್ದರು. 1933ರಲ್ಲಿ ಹಿಟ್ಲರ್ ಬಂದು ಯೆಹೂದಿ ಸಂಗೀತಗಾರರನ್ನು ಹೊರದೂಡತೊಡಗಿದಾಗ ಅಮೆರಿಕದ ಸಂಗೀತಗಾರರು ಕಳಿಸಿದ ಪ್ರತಿಭಟನೆಯ ತಂತಿಯಲ್ಲಿ ಮೊದಲ ಹೆಸರು ಟೊಸ್ಕನೀನಿಯದು. ಹಿಟ್ಲರ್ ಖುದ್ದಾಗಿ ಪತ್ರ ಬರೆದರೂ ಆ ವರ್ಷದ ಬೈರಾಯಿಟ್ ಉತ್ಸವಕ್ಕೆ ಹೋಗಲಿಲ್ಲ. ಜರ್ಮನಿಯಿಂದ ಓಡಿಬಂದ ವಾದ್ಯಗಾರರನ್ನು ಸೇರಿಸಿ ಪಿಟೀಲು ವಾದಕ ಹ್ಯೂಬರ್‌ಮನ್ ಅವರು ಪ್ಯಾಲೆಸ್ಟೈನಿನಲ್ಲಿ ಕಟ್ಟಿದ ಹೊಸ ವಾದ್ಯವೃಂದದ ಮೊದಲ ಕಚೇರಿಯನ್ನು 1936ರ ಡಿಸೆಂಬರ್ 26ರಂದು ಟೆಲ್ ಅವೀವ್‌ನಲ್ಲಿ ನಡೆಸಿಕೊಟ್ಟರು, ಸಂಭಾವನೆ ಮುಟ್ಟಲಿಲ್ಲ. ಅದೇ ವಾದ್ಯವೃಂದವನ್ನು ಮುಂದೆ ಹಲವು ದಶಕಗಳ ಕಾಲ, 2019ರವರೆಗೆ, ನಡೆಸಿದವರು ಮುಂಬಯಿಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ತೋರಿಸಬೇಕು. ಸರ್ವಾಧಿಕಾರಿಗಳಿಗೆ ಬಗ್ಗದ ಈ ಮನುಷ್ಯ ತಾಲೀಮಿನ ಕೋಣೆಯಲ್ಲಿ ತಾನೇ ಸರ್ವಾಧಿಕಾರಿ. ಬೈಗುಳ, ಕೋಲು ಮುರಿಯುವುದು, ಪುಸ್ತಕ ಎಸೆಯುವುದು ನಿತ್ಯದ ಮಾತು. ತಾಲೀಮುಗಳ ಧ್ವನಿಮುದ್ರಿಕೆಗಳು ಉಳಿದಿವೆ; ಆ ಕೂಗು ಕೇಳಿದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. 1919ರಲ್ಲಿ ಟ್ಯೂರಿನ್‌ನಲ್ಲಿ ಅವರ ಸಿಟ್ಟಿಗೆ ಒಬ್ಬ ಪಿಟೀಲುಗಾರನ ಕಮಾನು ಮುರಿದು ಅವನ ಮುಖಕ್ಕೆ ಗಾಯವಾಗಿ ಪ್ರಕರಣ ನ್ಯಾಯಾಲಯಕ್ಕೂ ಹೋಯಿತು. ಖುಲಾಸೆಯಾಯಿತು, ನಿಜ. ಕಲಾವಿದನ ಆವೇಶ ಎಂದು ಅಭಿಮಾನಿಗಳು ಸಮರ್ಥಿಸಿದರು. ನನಗೆ ಆ ಸಮರ್ಥನೆ ಒಪ್ಪಿಗೆಯಿಲ್ಲ. ಬೊಲೋನ್ಯಾದಲ್ಲಿ ಪೆಟ್ಟು ತಿಂದ ಮುಖಕ್ಕೊಂದು ನ್ಯಾಯ, ಟ್ಯೂರಿನ್ನಿನ ಆ ಮುಖಕ್ಕೊಂದು ನ್ಯಾಯ ಇರಲಾಗದು. ಬರೆದಂತೆಯೇ ನುಡಿಸಿದರೆಂಬ ಖ್ಯಾತಿಯೂ ಅಕ್ಷರಶಃ ಸತ್ಯವಲ್ಲ. ಬೀಥೋವನ್ ಕೃತಿಗಳಲ್ಲಿ ಕೂಡ ಮುಖ್ಯ ರಾಗ ಸ್ಪಷ್ಟವಾಗಿ ಕೇಳಲೆಂದು ಅಲ್ಲಲ್ಲಿ ವಾದ್ಯಗಳ ಹಂಚಿಕೆಯನ್ನು ಅವರು ತಿದ್ದಿದ್ದುಂಟು.

ನಮ್ಮ ಮಾಧ್ಯಮದವರಿಗೆ ಈ ವೃತ್ತಿಜೀವನದ ಕೊನೆಯ ಹದಿನೇಳು ವರ್ಷ ಬಹಳ ಮುಖ್ಯ. ಅಮೆರಿಕದ ಎನ್‌ಬಿಸಿ ರೇಡಿಯೊ ಕಂಪನಿಯ ಹಿಂದಿದ್ದ ಡೇವಿಡ್ ಸಾರ್ನಾಫ್, ಎಪ್ಪತ್ತು ವರ್ಷದ ಈ ಮುದುಕರಿಗಾಗಿಯೇ ಒಂದು ಇಡೀ ವಾದ್ಯವೃಂದ ಕಟ್ಟಿಸಿದರು. 1937ರ ಕ್ರಿಸ್‌ಮಸ್ ರಾತ್ರಿ ನ್ಯೂಯಾರ್ಕಿನ 8-ಎಚ್ ಸ್ಟುಡಿಯೋದಿಂದ ಟೊಸ್ಕನೀನಿಯ ಮೊದಲ ಪ್ರಸಾರ. ಪುಟ ತಿರುಗಿಸುವ ಸಪ್ಪಳ ಮೈಕಿಗೆ ಬೀಳಬಾರದೆಂದು ಆರಂಭದ ಕಚೇರಿಗಳ ಕಾರ್ಯಕ್ರಮ ಪಟ್ಟಿಯನ್ನು ರೇಷ್ಮೆ ಬಟ್ಟೆಯ ಮೇಲೆ ಅಚ್ಚು ಹಾಕಿಸಿದ್ದರಂತೆ! ಆದರೆ ಆ ಸ್ಟುಡಿಯೋ ಶಬ್ದವನ್ನು ಹೀರಿಕೊಳ್ಳುವಂತೆ ಕಟ್ಟಿದ್ದು. ಒಳ್ಳೆಯ ಸಂಗೀತ ಭವನದಲ್ಲಿ ವಾದ್ಯ ನಿಂತ ಮೇಲೂ ನಾದ ಎರಡು ಸೆಕೆಂಡಿನಷ್ಟು ಗಾಳಿಯಲ್ಲಿ ಉಳಿಯುತ್ತದೆ. 8-ಎಚ್‌ನಲ್ಲಿ ಹುಟ್ಟಿದಲ್ಲೇ ಸಾಯುತ್ತಿತ್ತು. ಅವರ ಧ್ವನಿಮುದ್ರಿಕೆಗಳು ಒಣಗಿದಂತೆ, ಗಟ್ಟಿಯಾಗಿ ಕೇಳುವುದಕ್ಕೆ ಅರ್ಧ ಕಾರಣ ಆ ಗೋಡೆಗಳು.

ಲೆನಿನ್‌ಗ್ರಾಡ್ ಮುತ್ತಿಗೆಯಲ್ಲಿದ್ದಾಗ ಶೊಸ್ತಕೋವಿಚ್ ಬರೆದ ಏಳನೆಯ ಸಿಂಫನಿಯ ಸ್ವರಲಿಪಿ ಮೈಕ್ರೊಫಿಲಂ ರೂಪದಲ್ಲಿ ಟೆಹರಾನ್, ಕೈರೊ ಮೂಲಕ ಅಮೆರಿಕ ತಲುಪಿದಾಗ, 1942ರ ಜುಲೈ 19ರಂದು ಅದನ್ನು ಅಮೆರಿಕದ ಜನಕ್ಕೆ ಕೇಳಿಸಿದವರು ಟೊಸ್ಕನೀನಿ. ಮರುವರ್ಷ ಜುಲೈ 25ರಂದು ವೆರ್ಡಿಯ ಸಂಗೀತ ಪ್ರಸಾರವಾಗುತ್ತಿದ್ದಾಗಲೇ ಮುಸೋಲಿನಿ ಪದಚ್ಯುತನಾದ ಸುದ್ದಿ ಬಂತು. ಅದೇ ಕಾಲದಲ್ಲಿ ಅಮೆರಿಕ ಸರ್ಕಾರಕ್ಕಾಗಿ ತೆಗೆದ ಒಂದು ಚಿತ್ರದಲ್ಲಿ ಅವರು ವೆರ್ಡಿಯ ರಾಷ್ಟ್ರಗಳ ಗೀತೆಯನ್ನು ನಡೆಸಿದ್ದಾರೆ. ಅದರಲ್ಲಿ ಇಟಲಿಯನ್ನು 'ನನ್ನ ತಾಯ್ನಾಡು' ಎನ್ನುವಲ್ಲಿ 'ದ್ರೋಹಕ್ಕೊಳಗಾದ' ಎಂಬ ಒಂದು ಪದವನ್ನು ಸೇರಿಸಿ ಹಾಡಿಸಿದರು. ವೆರ್ಡಿ ಬರೆಯದ ಪದ! ಪುಚೀನಿಯ ಕೈ ನಿಂತಲ್ಲಿ ತಾನೂ ನಿಂತ ಮನುಷ್ಯ ಮಾಡಿದ ತಿದ್ದುಪಡಿ ಇದು.

ಯುದ್ಧ ಮುಗಿದ ಮೇಲೆ, ಬಾಂಬಿಗೆ ಕುಸಿದು ಮತ್ತೆ ಕಟ್ಟಿದ ಲಾ ಸ್ಕಾಲಾ 1946ರ ಮೇ 11ರಂದು ತೆರೆದಾಗ ಎಪ್ಪತ್ತೊಂಬತ್ತರ ಟೊಸ್ಕನೀನಿ ಅಲ್ಲಿ ಕೋಲು ಎತ್ತಿದರು. ಯೆಹೂದಿಯೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡಿದ್ದ ಮೇಳಗಾಯನದ ಗುರು ವೆನೆತ್ಸಿಯಾನಿಯವರು ಹಳೆಯ ಸ್ಥಾನಕ್ಕೆ ಮರಳಬೇಕೆಂದು ಪಟ್ಟು ಹಿಡಿದವರು ಅವರೇ.

1952ರ ಸೆಪ್ಟೆಂಬರ್ ಕೊನೆಯಲ್ಲಿ ಅವರು ಲಂಡನ್ನಿಗೆ ಬಂದು ಎರಡು ಸಂಜೆ ಬ್ರಾಮ್ಸ್‌ನ ನಾಲ್ಕೂ ಸಿಂಫನಿಗಳನ್ನು ನುಡಿಸಿದ್ದು ಫಿಲ್‌ಹಾರ್ಮೋನಿಯಾ ಎಂಬ ವಾದ್ಯವೃಂದದ ಜೊತೆ. ಯುದ್ಧಾನಂತರದ ಕಷ್ಟದ ದಿನಗಳಲ್ಲಿ ಆ ವೃಂದಕ್ಕೆ ಹಣದ ಬಲ ಕೊಟ್ಟವರು ಯಾರು ಗೊತ್ತೆ? ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಅವರು ಪಾಶ್ಚಾತ್ಯ ಸಂಗೀತದ ಗಂಭೀರ ಅಭ್ಯಾಸಿಯೂ ಆಗಿದ್ದರು.

1948ರ ಮಾರ್ಚ್ 20ರಿಂದ 1952ರವರೆಗೆ ಟೊಸ್ಕನೀನಿಯ ಹತ್ತು ಕಚೇರಿಗಳು ದೂರದರ್ಶನದಲ್ಲಿ ಪ್ರಸಾರವಾದವು. ಅವುಗಳ ಚಿತ್ರಮುದ್ರಿಕೆಗಳು ಉಳಿದಿವೆ, ಅವಕಾಶ ಸಿಕ್ಕಿದರೆ ನೋಡಿ. ಸಭಾಂಗಣದಲ್ಲಿ ಕುಳಿತವನಿಗೆ ಕಂಡಕ್ಟರನ ಬೆನ್ನು ಮಾತ್ರ ಕಾಣುತ್ತದೆ. ಮುಖ ಕಾಣುವುದು ವಾದ್ಯಗಾರರಿಗೆ. ಕ್ಯಾಮೆರಾ ವಾದ್ಯಗಾರರ ಜಾಗದಿಂದ ನೋಡಿ ಆ ಮುಖವನ್ನು ಮನೆಮನೆಗೆ ಒಯ್ದಿತು. ಎಂಬತ್ತು ದಾಟಿದ ಮುಖ. ಕಣ್ಣು ಎಲ್ಲೋ ಒಳಗೆ ನೆಟ್ಟಿದೆ. ತುಟಿ ರಾಗದೊಂದಿಗೆ ಅಲುಗುತ್ತಿದೆ. ಬಲಗೈ ಮಾತ್ರ ಕಿಂಚಿತ್ತೂ ತಡವರಿಸುವುದಿಲ್ಲ.

ಅದು ತಡವರಿಸಿದ್ದು ಒಮ್ಮೆ. 1954ರ ಏಪ್ರಿಲ್ 4, ಕಾರ್ನೆಗಿ ಹಾಲ್, ನೇರ ಪ್ರಸಾರ. ನಿವೃತ್ತಿಯ ಪತ್ರಕ್ಕೆ ತಮ್ಮ ಎಂಬತ್ತೇಳನೆಯ ಹುಟ್ಟುಹಬ್ಬದಂದೇ ಸಹಿ ಹಾಕಿದ್ದರು. ಅಂದು ಪೂರ್ತಿ ವಾಗ್ನರ್. 'ಟಾನ್‌ಹೊಯ್ಸರ್' ಸಂಗೀತದ ನಡುವೆ ಅವರ ನೆನಪು ಕೈಕೊಟ್ಟಿತು. ಕೋಲು ನಿಧಾನವಾಯಿತು, ಕೈ ಕಣ್ಣಿನ ಮೇಲೆ ಹೋಯಿತು. ಮೊದಲ ಸಾಲಿನ ಚೆಲ್ಲೊ ವಾದಕ ಕುಳಿತಲ್ಲಿಂದಲೇ ಸಂಜ್ಞೆ ಮಾಡುತ್ತ ಉಳಿದವರನ್ನು ಕೂಡಿಸಿಕೊಂಡು ಹೋದ. ಅತ್ತ ನಿಯಂತ್ರಣ ಕೊಠಡಿಯಲ್ಲಿದ್ದವರು ಗಾಬರಿಯಾಗಿ ಪ್ರಸಾರವನ್ನು ಕತ್ತರಿಸಿದರು. ತಾಂತ್ರಿಕ ತೊಂದರೆ ಎಂದು ಹೇಳಿ ಬ್ರಾಮ್ಸ್‌ನ ಒಂದು ಧ್ವನಿಮುದ್ರಿಕೆ ಹಾಕಿಬಿಟ್ಟರು. ಅಂದಿನ ಕಚೇರಿಯ ಮುದ್ರಿಕೆಯನ್ನು ಈಗ ಕೇಳಿದರೆ ವಾದನ ಹೇಗೋ ಸಾಗುತ್ತಲೇ ಇತ್ತೆಂದು ತಿಳಿಯುತ್ತದೆ. ಸುಮಾರು ಅರ್ಧ ನಿಮಿಷದಲ್ಲಿ ಎಲ್ಲ ಸರಿಹೋಗಿ ಪ್ರಸಾರ ಮತ್ತೆ ಸೇರಿಕೊಂಡಿತು. ಆ ಗುಂಡಿಯ ಮುಂದೆ ನಾನು ಕುಳಿತಿದ್ದರೆ ಏನು ಮಾಡುತ್ತಿದ್ದೆನೆಂದು ಎಷ್ಟೋ ಸಲ ಯೋಚಿಸಿದ್ದೇನೆ. ಬಹುಶಃ ನಾನೂ ಕತ್ತರಿಸುತ್ತಿದ್ದೆ, ಆಮೇಲೆ ನಾಚಿಕೊಳ್ಳುತ್ತಿದ್ದೆ.

ಕೊನೆಯ ಸ್ವರಗಳು ಮುಗಿಯುತ್ತಿದ್ದಂತೆ ಟೊಸ್ಕನೀನಿ ಪೀಠದಿಂದ ಇಳಿದು ಹೋದರು. ಚಪ್ಪಾಳೆಗೆ ಹಿಂದಿರುಗಲಿಲ್ಲ. 1957ರ ಜನವರಿ 16ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು, ಸಮಾಧಿ ಮಿಲಾನಿನಲ್ಲಿದೆ. ಎನ್‌ಬಿಸಿ ತನ್ನ ವಾದ್ಯವೃಂದವನ್ನು 1954ರಲ್ಲೇ ವಿಸರ್ಜಿಸಿತ್ತು. ಆದರೆ ವಾದ್ಯಗಾರರು ಚದುರಲೊಪ್ಪದೆ ಬೇರೆ ಹೆಸರಿನಲ್ಲಿ ಒಟ್ಟಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾರ್ನೆಗಿ ಹಾಲ್‌ನಲ್ಲಿ ತಮ್ಮ ಮೊದಲ ಕಚೇರಿ ಮಾಡಿದಾಗ ಅವರು ಬೇರೆ ಯಾರನ್ನೂ ಕರೆಯಲಿಲ್ಲ. ಕಂಡಕ್ಟರನ ಪೀಠವನ್ನು ಖಾಲಿ ಬಿಟ್ಟು ನುಡಿಸಿದರು.